ಯುವಕ ಸಂಘದಲ್ಲಿ ಎಲ್ಲರಿಗೂ ಜಾಗ: ನೀತಿಪತ್ರ ಬರೆದರೆ ಸಾಕೇ?

ಪ್ರಶ್ನೆ: ಮಳೆಕಾಡು

ಎಲ್ಲರಿಗೂ ನಮಸ್ಕಾರ. ಕಾಫಿ ಸೀಮೆಯ ಹೋಬಳಿ ಊರಿನ ಒಂದು ನೋಂದಾಯಿತ ಯುವಕ ಸಂಘದ ವಿಷಯ. ಸಂಘದ ಕೆಲಸ ಮುಖ್ಯವಾಗಿ ಮೂರು: ದಿನಾ ಸಂಜೆ ಕಬಡ್ಡಿ, ವಾಲಿಬಾಲ್, ಬೇಸಿಗೆ ರಜೆಯಲ್ಲಿ 8ರಿಂದ 16 ವರ್ಷದ ಮಕ್ಕಳಿಗೆ ಹತ್ತು ದಿನದ ಶಿಬಿರ, ನವೆಂಬರಿನಲ್ಲಿ ರಾಜ್ಯೋತ್ಸವ. ಸಹಾಯಧನ ಕೊಡಲು ಮುಂದೆ ಬಂದ ಸಂಸ್ಥೆಯೊಂದು "ಸಮಾನತೆ, ವೈವಿಧ್ಯ ಮತ್ತು ಒಳಗೊಳ್ಳುವಿಕೆಯ ನೀತಿ" ಅಂತ ಒಂದು ಪತ್ರ ಕೇಳಿದೆ. ಎಲ್ಲಿಂದಲೋ ಒಂದು ನಮೂನೆ ತಂದು, ಹೆಸರು ಬದಲಿಸಿ ಸಹಿ ಹಾಕಿದರೆ ಅರ್ಧ ಗಂಟೆಯ ಕೆಲಸ. ಅದು ಬೇಡ ಅನ್ನುವವರು ಸಮಿತಿಯಲ್ಲಿ ಇಬ್ಬರು ಮೂವರಿದ್ದೇವೆ.

ಈಗಿನ ಸ್ಥಿತಿ ಹೀಗಿದೆ. ಕಾರ್ಯಕಾರಿ ಸಮಿತಿಯಲ್ಲಿ 11 ಜನ, ಎಲ್ಲರೂ ಗಂಡಸರು, ಎಲ್ಲರೂ ಪೇಟೆ ಬೀದಿ ಅಥವಾ ಮೇಲಿನ ಕೇರಿಯವರು. ಶಿಬಿರಕ್ಕೆ ಕಾಲೋನಿಯಿಂದ ಬರುವ ಮಕ್ಕಳನ್ನು ಬೆರಳಲ್ಲಿ ಎಣಿಸಬಹುದು, ತೋಟದ ಲೈನ್ ಮನೆಗಳಿಂದ (ಕಾರ್ಮಿಕರ ಸಾಲು ಮನೆಗಳು) ಒಬ್ಬರೂ ಇಲ್ಲ. ಹುಡುಗಿಯರು ಮೊದಲ ದಿನ ಬರುತ್ತಾರೆ, ನಾಲ್ಕನೇ ದಿನಕ್ಕೆ ಅರ್ಧ ಖಾಲಿ. ಸಂಜೆ ಆಟಕ್ಕಂತೂ ಬರುವುದೇ ಇಲ್ಲ. ಗಾಲಿಕುರ್ಚಿ ಬಳಸುವ ಹುಡುಗನೊಬ್ಬ, ಕಿವಿ ಕೇಳದ ಇಬ್ಬರು ಮಕ್ಕಳು ಊರಲ್ಲಿದ್ದಾರೆ. ಸಂಘದ ಕಟ್ಟಡಕ್ಕೆ ಮೂರು ಮೆಟ್ಟಿಲು. ಯಾರನ್ನೂ ಬರಬೇಡಿ ಅಂತ ಹೇಳಿದ್ದಿಲ್ಲ, ಡಂಗುರ ಒಂದು ಬಿಟ್ಟು ಎಲ್ಲ ಬಗೆಯ ಪ್ರಚಾರವೂ ಆಗಿದೆ. ಶುಲ್ಕ 600 ರೂಪಾಯಿ, ಬಿಪಿಎಲ್ ಕಾರ್ಡ್ ತೋರಿಸಿದರೆ ಉಚಿತ.

ಎಲ್ಲಿಂದ ಶುರು ಮಾಡಬೇಕು? ಬೈಲಾ ತಿದ್ದಬೇಕೇ?

ಉತ್ತರ: ಲೆಕ್ಕದ ಪುಸ್ತಕ

ಪತ್ರವನ್ನು ಕೊನೆಗೆ ಬರೆಯಿರಿ. ಮೊದಲು ಎಣಿಸಿ.

ಕಳೆದ ಎರಡು ವರ್ಷದ ಶಿಬಿರದ ಹಾಜರಿ ಪುಸ್ತಕ ತೆಗೆದುಕೊಂಡು ಐದು ಅಂಕಣ ಹಾಕಿ: ಸುದ್ದಿ ಯಾರಿಗೆ ತಲುಪಿತು, ಯಾರು ಹೆಸರು ಬರೆಸಿದರು, ಮೊದಲ ದಿನ ಯಾರು ಬಂದರು, ಕೊನೆಯ ದಿನ ಯಾರು ಉಳಿದರು, ವೇದಿಕೆಯ ಮೇಲೆ ಅಥವಾ ತಂಡದ ನಾಯಕತ್ವದಲ್ಲಿ ಯಾರಿದ್ದರು. ಪ್ರತಿ ಅಂಕಣವನ್ನೂ ಹುಡುಗ, ಹುಡುಗಿ ಮತ್ತು ಬೀದಿವಾರು ಬಿಡಿಸಿ. ಜಾತಿ ಕೇಳುವ ಅಗತ್ಯವಿಲ್ಲ, ಕೇಳಲೂಬಾರದು. ನಮ್ಮ ಊರುಗಳಲ್ಲಿ ಬೀದಿ ಮತ್ತು ಶಾಲೆಯ ಹೆಸರೇ ಬೇಕಾದಷ್ಟು ಹೇಳುತ್ತದೆ. ಸೋರುವ ಜಾಗ ಪ್ರತಿ ಗುಂಪಿಗೂ ಬೇರೆ. ನೀವು ಬರೆದಿರುವುದರಲ್ಲೇ ಅದು ಕಾಣುತ್ತಿದೆ: ಲೈನ್ ಮನೆಯವರು ಮೊದಲ ಅಂಕಣದಲ್ಲೇ ಇಲ್ಲ, ಕಾಲೋನಿಯವರು ಎರಡನೆಯದರಲ್ಲಿ ಕಡಿಮೆ, ಹುಡುಗಿಯರು ಮೂರು ಮತ್ತು ನಾಲ್ಕರ ನಡುವೆ ಜಾರುತ್ತಿದ್ದಾರೆ. ಮೂವರಿಗೂ ಒಂದೇ ಔಷಧ ಕೊಟ್ಟರೆ, ಅಂದರೆ "ಇನ್ನಷ್ಟು ಪ್ರಚಾರ" ಮಾಡಿದರೆ, ಯಾರಿಗೂ ಹತ್ತುವುದಿಲ್ಲ.

ಆಮೇಲೆ ಅರ್ಜಿ ನಮೂನೆ ನೋಡಿ. ಬಹಳಷ್ಟು ಸಂಘಗಳ ಅರ್ಜಿಯಲ್ಲಿ ತಂದೆಯ ಹೆಸರು, ತಂದೆಯ ಉದ್ಯೋಗ, ಜಾತಿ, ಆಧಾರ್ ಸಂಖ್ಯೆ, ಎರಡು ಫೋಟೋ ಇರುತ್ತವೆ. ಹತ್ತು ದಿನದ ಶಿಬಿರಕ್ಕೆ ಇವು ಯಾವುದಕ್ಕೂ ಬೇಕಿಲ್ಲ. ಬೇಕಾದದ್ದು ಇಷ್ಟು: ಮಗುವಿನ ಹೆಸರು, ವಯಸ್ಸು, ಶಾಲೆ, ಬೀದಿ; ಪೋಷಕರು ಅಥವಾ ಮನೆಯ ಹಿರಿಯರ ಹೆಸರು, ಸಹಿ ಇಲ್ಲವೇ ಹೆಬ್ಬೆಟ್ಟು; ತುರ್ತಿಗೆ ಎರಡು ಫೋನ್ ನಂಬರ್; ಊಟದಲ್ಲಿ ಏನು ಆಗುವುದಿಲ್ಲ; ಔಷಧ, ಅಲರ್ಜಿ, ಫಿಟ್ಸ್ ಏನಾದರೂ ಇದೆಯೇ; ಆಟಕ್ಕೆ ಯಾವ ಸಹಾಯ ಬೇಕು. ಲಿಂಗದ ಜಾಗದಲ್ಲಿ ಹೆಣ್ಣು, ಗಂಡು, ಇತರೆ, ಹೇಳಲು ಇಷ್ಟವಿಲ್ಲ ಅಂತ ನಾಲ್ಕು ಆಯ್ಕೆ ಕೊಡಿ. ಫೋಟೋ ಹಾಕಲು ಒಪ್ಪಿಗೆಗೆ ಬೇರೆ ಸಾಲು, ಬೇರೆ ಸಹಿ. ಹದಿನೆಂಟರೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆಂಬುದನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಹೇಳುತ್ತದೆ, ಹಾಗಾಗಿ ಬೇಡದ್ದನ್ನು ಸಂಗ್ರಹಿಸದಿರುವುದೇ ಕ್ಷೇಮ.

ಇನ್ನು ಶುಲ್ಕ. ಬಿಪಿಎಲ್ ಕಾರ್ಡ್ ತೋರಿಸಿ ಉಚಿತ ಅನ್ನುವ ಪದ್ಧತಿಯನ್ನು ಈ ವರ್ಷವೇ ಬಿಡಿ. ಪಕ್ಕದ ಮನೆಯವರು ಸಾಲಿನಲ್ಲಿ ನಿಂತಿರುವಾಗ ಕಾರ್ಡ್ ತೆಗೆದು ತೋರಿಸುವ ತಾಯಿ ಎಷ್ಟು ಜನ? ಮೂರು ದರ ಇಡಿ: 300, 600, 1,000. ಯಾವುದು ಕೊಡುತ್ತೇವೆ ಅಂತ ಮನೆಯವರೇ ಗುರುತು ಹಾಕಲಿ, ಕಾರಣ ಕೇಳಬೇಡಿ. ಏನೂ ಕೊಡಲಾಗದವರು ಖಜಾಂಚಿಗೆ ಒಂದು ಫೋನ್ ಮಾಡಿದರೆ ಸಾಕು. ಉದಾಹರಣೆಗೆ 60 ಮಕ್ಕಳಿಗೆ 36,000 ಖರ್ಚು ಅಂದುಕೊಳ್ಳಿ. 25 ಜನ 300, 20 ಜನ 600, 10 ಜನ 1,000 ಕೊಟ್ಟು ಐದು ಜನ ಕೊಡದಿದ್ದರೆ ಬರುವುದು 29,500. ಕೊರತೆ 6,500. ಇದನ್ನು ದಾನಿಗಳಿಂದ ಮೊದಲೇ ಹೊಂದಿಸಿಟ್ಟುಕೊಳ್ಳಿ. ರಶೀದಿ ಎಲ್ಲರಿಗೂ ಒಂದೇ ಬಣ್ಣದ್ದಿರಲಿ, ಗುರುತಿನ ಚೀಟಿಯಲ್ಲಿ ಯಾವ ವ್ಯತ್ಯಾಸವೂ ಬೇಡ.

ಶುಲ್ಕಕ್ಕಿಂತ ಹೆಚ್ಚು ಹೊಡೆತ ಕೊಡುವುದು ಅದರ ಹಿಂದೆ ಬರುವ ಸಣ್ಣಪುಟ್ಟ ಖರ್ಚು. ಬಿಳಿ ಶೂ, ಬಣ್ಣದ ಡಬ್ಬಿ, ಕೊನೆಯ ದಿನದ ನೃತ್ಯಕ್ಕೆ ಬಾಡಿಗೆ ಉಡುಪು. ಶಿಬಿರ ಉಚಿತವಾಗಿದ್ದರೂ ಒಂಬತ್ತನೇ ದಿನ "ನಾಳೆ 350 ರೂಪಾಯಿ ತನ್ನಿ" ಅಂದರೆ ಹತ್ತನೇ ದಿನ ಆ ಮಗು ಬರುವುದಿಲ್ಲ. ಹಾಜರಿ ಪುಸ್ತಕದಲ್ಲಿ ಕೊನೆಯ ಎರಡು ದಿನ ಯಾರು ಕಾಣೆಯಾಗಿದ್ದಾರೆ ನೋಡಿ, ಅರ್ಥವಾಗುತ್ತದೆ.

ಉತ್ತರ: ಹಸಿರು ದಾವಣಿ

ಹುಡುಗಿಯರ ವಿಷಯಕ್ಕೆ ಮಾತ್ರ ಬರೆಯುತ್ತೇನೆ.

ನಾಲ್ಕನೇ ದಿನಕ್ಕೆ ಬಿಡುತ್ತಿದ್ದಾರೆ ಅಂದರೆ ಮೊದಲು ಶೌಚಾಲಯ ನೋಡಿ, ಆಮೇಲೆ ಉಳಿದ ಮಾತು. ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯೇ, ನೀರು ಒಳಗೇ ಬರುತ್ತದೆಯೇ ಅಥವಾ ಹುಡುಗರ ಎದುರು ಬಕೆಟ್ ಹೊತ್ತುಕೊಂಡು ಹೋಗಬೇಕೇ, ಮುಚ್ಚಳವಿರುವ ಕಸದ ಬುಟ್ಟಿ ಇದೆಯೇ, ಕಿಟಕಿಯ ಗಾಜು ಒಡೆದಿದೆಯೇ. ಸ್ಯಾನಿಟರಿ ಪ್ಯಾಡುಗಳನ್ನು ಶೌಚಾಲಯದ ಒಳಗೇ ಒಂದು ಡಬ್ಬಿಯಲ್ಲಿಡಿ. ಕಚೇರಿ ಮೇಜಿನ ಡ್ರಾಯರಿನಲ್ಲಿಟ್ಟು "ಬೇಕಾದವರು ಕೇಳಿ" ಅಂದರೆ ಯಾರೂ ಕೇಳುವುದಿಲ್ಲ. ಡಬ್ಬಿ ಖಾಲಿಯಾದರೆ ತುಂಬುವ ಜವಾಬ್ದಾರಿ ಒಬ್ಬರ ಹೆಸರಿನಲ್ಲಿರಲಿ.

ಸಂಜೆ ಆಟದ ಸಮಯ ಎಷ್ಟು ಗಂಟೆಗೆ? ಮಲೆನಾಡಿನಲ್ಲಿ ಡಿಸೆಂಬರ್ ಹೊತ್ತಿಗೆ ಆರೂಕಾಲಕ್ಕೆಲ್ಲ ಕತ್ತಲು. ಆರಕ್ಕೆ ಶುರುವಾಗಿ ಏಳೂವರೆಗೆ ಮುಗಿಯುವ ಆಟಕ್ಕೆ ಯಾವ ಮನೆಯವರೂ ಹೆಣ್ಣುಮಕ್ಕಳನ್ನು ಕಳಿಸುವುದಿಲ್ಲ. ನಾಲ್ಕೂವರೆಯಿಂದ ಐದೂಮುಕ್ಕಾಲರವರೆಗೆ ಮೈದಾನ ಹುಡುಗಿಯರದ್ದು, ಆಮೇಲೆ ಹುಡುಗರದ್ದು ಅಂತ ಮಾಡಿ. ವಾರದಲ್ಲಿ ಆರು ದಿನವೂ ಬೇಡ, ಮೂರು ದಿನದಿಂದ ಶುರುವಾಗಲಿ. ಆದರೆ ಆ ಮೂರು ದಿನ ಟೂರ್ನಮೆಂಟ್ ಅಂತಲೋ ಮಳೆ ಅಂತಲೋ ಕಿತ್ತುಕೊಳ್ಳಬಾರದು. ಎರಡು ಸಲ ಬಂದು ವಾಪಸ್ ಹೋದವರು ಮೂರನೇ ಸಲ ಬರುವುದಿಲ್ಲ.

ಮೈದಾನದಲ್ಲಿ ಅವರ ಅಳತೆಯ ಗೆರೆ ಇರಲಿ. ಕಬಡ್ಡಿ ಅಂಕಣ ಗಂಡಸರಿಗೆ 13 ಮೀಟರ್ ಉದ್ದ 10 ಮೀಟರ್ ಅಗಲ, ಮಹಿಳೆಯರಿಗೆ 12 ಮತ್ತು 8. ಒಂದೇ ಜಾಗದಲ್ಲಿ ಎರಡು ಬಣ್ಣದಲ್ಲಿ ಎರಡೂ ಗೆರೆ ಎಳೆಯಬಹುದು. ವಾಲಿಬಾಲ್ ನೆಟ್ ಗಂಡಸರಿಗೆ 2.43 ಮೀಟರ್, ಮಹಿಳೆಯರಿಗೆ 2.24. ಕಂಬಕ್ಕೆ ಒಂದೇ ಕೊಕ್ಕೆ ಬೆಸುಗೆ ಹಾಕಿದ್ದರೆ ನೆಟ್ ಯಾವತ್ತೂ ಮೇಲೇ ಇರುತ್ತದೆ, ಹುಡುಗಿಯರು ಪಕ್ಕದಲ್ಲಿ ಥ್ರೋಬಾಲ್ ಆಡಿಕೊಂಡಿರುತ್ತಾರೆ. 19 ಸೆಂಟಿಮೀಟರ್ ಕೆಳಗೆ ಇನ್ನೊಂದು ಕೊಕ್ಕೆ ಹಾಕಿಸಲು ವೆಲ್ಡಿಂಗ್ ಅಂಗಡಿಯಲ್ಲಿ ಹತ್ತು ನಿಮಿಷ ಸಾಕು. ಉಡುಪು ಟ್ರ್ಯಾಕ್ ಪ್ಯಾಂಟ್, ತುಂಬು ತೋಳಿನ ಅಂಗಿ, ತಲೆವಸ್ತ್ರ ಯಾವುದಿದ್ದರೂ ಆಡಬಹುದು ಅಂತ ಮೊದಲೇ ಹೇಳಿಬಿಡಿ. ಕಬಡ್ಡಿಯಲ್ಲಿ ಪಿನ್ನು ಚುಚ್ಚಿದ ವಸ್ತ್ರ ಅಪಾಯ, ಎಳೆದರೆ ಬಿಚ್ಚಿಕೊಳ್ಳುವಂಥದ್ದು ಸರಿ.

ತರಬೇತಿಗೆ ಒಬ್ಬರಾದರೂ ಹೆಂಗಸು ಇರಬೇಕು. ಸಿಗುತ್ತಿಲ್ಲ ಅನ್ನುವವರು ಸಾಮಾನ್ಯವಾಗಿ ದೈಹಿಕ ಶಿಕ್ಷಕಿಯರನ್ನು ಮಾತ್ರ ಹುಡುಕಿರುತ್ತಾರೆ. ಕಾಲೇಜು ಮಟ್ಟದಲ್ಲಿ ಆಡಿ ಮದುವೆಯಾಗಿ ಊರಿಗೆ ಬಂದ ಸೊಸೆಯಂದಿರು ಪ್ರತಿ ಊರಲ್ಲೂ ಇರುತ್ತಾರೆ. ಗೌರವಧನ ಗಂಡು ತರಬೇತುದಾರರಿಗೆ ಕೊಟ್ಟಷ್ಟೇ ಕೊಡಿ, "ಸೇವೆ" ಅನ್ನಬೇಡಿ.

ಕೊನೆಯದಾಗಿ, ರಾಜ್ಯೋತ್ಸವದಲ್ಲಿ ಹುಡುಗಿಯರಿಗೆ ಏನು ಕೆಲಸ ಕೊಡುತ್ತೀರಿ? ರಂಗೋಲಿ, ಆರತಿ, ಪುಷ್ಪಗುಚ್ಛ, ಪ್ರಾರ್ಥನೆ ಇಷ್ಟೇ ಆಗಿದ್ದರೆ ಅವರು ಸಂಘದ ಅಲಂಕಾರ, ಸದಸ್ಯರಲ್ಲ. ಮೈಕ್, ಲೆಕ್ಕ, ನಿರೂಪಣೆ, ಪಂದ್ಯದ ಅಂಪೈರಿಂಗ್ ಇವುಗಳಲ್ಲಿ ಅವರು ಇದ್ದಾರೆಯೇ ನೋಡಿ.

ಉತ್ತರ: ನೇರಮಾತು

ಒಂದು ಭಿನ್ನಾಭಿಪ್ರಾಯ. ಊರಿನ ಸಂಘ ಅಂದರೆ ಆಸಕ್ತಿ ಇರುವವರು ಸೇರುವ ಜಾಗ. ಬಾಗಿಲು ತೆರೆದಿದೆ, ಬರುವವರು ಬರಲಿ. ಎಲ್ಲದರಲ್ಲೂ ಲೆಕ್ಕ ಹಾಕಿ ಇಷ್ಟು ಜನ ಇವರು, ಇಷ್ಟು ಜನ ಅವರು ಅಂತ ಕೂರಿಸಿದರೆ ಇಲ್ಲದ ಭೇದವನ್ನು ಮಕ್ಕಳ ತಲೆಗೆ ನಾವೇ ತುಂಬಿದಂತಾಗುತ್ತದೆ. ಸಮಿತಿಯಲ್ಲಿ ಮೀಸಲು ಇಟ್ಟರೆ ಹೆಸರಿಗೆ ಒಬ್ಬರು ಕೂರುತ್ತಾರೆ, ಕೆಲಸ ಹಳಬರೇ ಮಾಡುತ್ತಾರೆ. ಪಂಚಾಯಿತಿಯಲ್ಲಿ ನೋಡಿಲ್ಲವೇ?

ಉತ್ತರ: ಲೆಕ್ಕದ ಪುಸ್ತಕ

ನೇರಮಾತು ಅವರೇ, ನಿಮ್ಮ ಕೊನೆಯ ಮಾತಿನಲ್ಲಿ ಹುರುಳಿದೆ, ಮೊದಲನೆಯದರಲ್ಲಿ ಇಲ್ಲ. ಕರ್ನಾಟಕದ ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಶೇ. 50 ಸ್ಥಾನ ಬಂದದ್ದು 2010ರಲ್ಲಿ. ಸದಸ್ಯೆಯ ಬದಲು ಗಂಡ ಬಂದು ಕುರ್ಚಿಯಲ್ಲಿ ಕೂತ ಊರುಗಳಿವೆ, ನಿಜ. ಎರಡನೇ ಅವಧಿಗೆ ಗಂಡನನ್ನು ಹೊರಗೆ ನಿಲ್ಲಿಸಿ ತಾವೇ ಸಭೆ ನಡೆಸಿದವರ ಊರುಗಳೂ ಇವೆ. ವ್ಯತ್ಯಾಸ ಬಂದದ್ದು ಅವರ ಕೈಗೆ ಕಡತ ಸಿಕ್ಕಿತೇ, ಜೊತೆಗೆ ಇನ್ನಿಬ್ಬರು ಇದ್ದರೇ ಅನ್ನುವುದರಿಂದ. ಒಬ್ಬರನ್ನೇ ತಂದು ಕೂರಿಸಿದರೆ ಹೆಸರಿಗೆ ಮಾತ್ರ ಆಗುತ್ತದೆ, ಅದನ್ನು ತಪ್ಪಿಸುವ ದಾರಿ ಮೂವರನ್ನು ತರುವುದು.

ಇನ್ನು "ಬಾಗಿಲು ತೆರೆದಿದೆ" ಅನ್ನುವುದರ ಬಗ್ಗೆ: ಮೂರು ಮೆಟ್ಟಿಲಿನ ಮೇಲಿನ ಬಾಗಿಲು ಗಾಲಿಕುರ್ಚಿಯವನಿಗೆ ತೆರೆದಿದ್ದರೇನು, ಮುಚ್ಚಿದ್ದರೇನು?

ಉತ್ತರ: ತಮಟೆ ಸದ್ದು

ಇಲ್ಲದ ಭೇದವನ್ನು ತುಂಬುವ ಮಾತು ಬಂತಲ್ಲ, ಅದಕ್ಕೇ ಈ ಉತ್ತರ. ಮಕ್ಕಳು ಭೇದವನ್ನು ಕಲಿಯುವುದು ನೀತಿಪತ್ರದಿಂದಲ್ಲ ಸ್ವಾಮಿ, ನೀರಿನ ಕೊಡದಿಂದ.

ಶಿಬಿರದಲ್ಲಿ ಕುಡಿಯುವ ನೀರು ಹೇಗೆ ಕೊಡುತ್ತೀರಿ? ಹಂಡೆಯಲ್ಲಿಟ್ಟು ಒಬ್ಬರು ಸೌಟಿನಿಂದ ಎತ್ತಿ ಹೊಯ್ಯುವ ಪದ್ಧತಿ ಇದ್ದರೆ ಈಗಲೇ ನಿಲ್ಲಿಸಿ. ಯಾರ ಲೋಟಕ್ಕೆ ತಾಗುವಂತೆ ಹೊಯ್ಯುತ್ತಾರೆ, ಯಾರಿಗೆ ಮೇಲಿನಿಂದ ಬಿಡುತ್ತಾರೆ ಅನ್ನುವುದನ್ನು ಎಂಟು ವರ್ಷದ ಮಗು ಗಮನಿಸುತ್ತದೆ. ನಲ್ಲಿ ಇರುವ ಕ್ಯಾನ್ ಇಡಿ, ಎಲ್ಲರೂ ತಾವೇ ತಿರುಗಿಸಿ ಹಿಡಿಯಲಿ. ಬೇಸಿಗೆಯಲ್ಲಿ ಆಡುವ ಮಗುವಿಗೆ ಶಿಬಿರದ ಹೊತ್ತಿಗೆ ಎರಡು ಲೀಟರ್ ಲೆಕ್ಕ ಹಿಡಿದರೆ 60 ಮಕ್ಕಳಿಗೆ 120 ಲೀಟರ್, ಅಂದರೆ 20 ಲೀಟರಿನ ಆರು ಕ್ಯಾನ್. ಎರಡು ಕಡೆ ಮೂರು ಮೂರು ಇಟ್ಟರೆ ನೂಕುನುಗ್ಗಲಿಲ್ಲ. ಲೋಟಗಳೆಲ್ಲ ಒಂದೇ ನಮೂನೆಯ ಸ್ಟೀಲಿನವು, ಒಂದೇ ಬುಟ್ಟಿಯಲ್ಲಿ. "ಮನೆಯಿಂದ ಲೋಟ ತನ್ನಿ" ಅನ್ನುವ ನಿಯಮ ನೋಡಲು ಸ್ವಚ್ಛತೆಯ ನಿಯಮ, ಕೆಲವು ಊರುಗಳಲ್ಲಿ ಅದರ ಒಳಗೆ ಬೇರೆಯೇ ಅರ್ಥ ಇರುತ್ತದೆ.

ತಿಂಡಿ ಯಾರು ಮಾಡುತ್ತಾರೆ, ಯಾರು ಬಡಿಸುತ್ತಾರೆ, ಯಾರು ತೊಳೆಯುತ್ತಾರೆ ಎನ್ನುವುದಕ್ಕೆ ಒಂದು ಸರದಿ ಪಟ್ಟಿ ಬರೆದು ಗೋಡೆಗೆ ಅಂಟಿಸಿ. ಮಕ್ಕಳನ್ನು ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸಿ ನಾಲ್ಕು ತಂಡ ಮಾಡಿ, ತಂಡಕ್ಕೆ ಒಂದು ದಿನ ಬಡಿಸುವುದು, ಒಂದು ದಿನ ತೊಳೆಯುವುದು. ಇಬ್ಬರು ನಾಯಕರು ಒಬ್ಬೊಬ್ಬರನ್ನೇ ಆರಿಸಿಕೊಳ್ಳುವ ಪದ್ಧತಿ ಆಟಕ್ಕೂ ಬೇಡ. ಕೊನೆಗೆ ಉಳಿಯುವವರು ಯಾರು ಅಂತ ಎಲ್ಲರಿಗೂ ಗೊತ್ತು. ಕುರ್ಚಿ, ಶಾಮಿಯಾನ ಹೊರುವುದು, ತಮಟೆ ಬಡಿಯುವುದು ಯಾವಾಗಲೂ ಕಾಲೋನಿಯ ಹುಡುಗರ ಪಾಲಿಗೆ, ಸ್ವಾಗತ ಭಾಷಣ ಯಾವಾಗಲೂ ಪೇಟೆ ಬೀದಿಯವರ ಪಾಲಿಗೆ ಬರುತ್ತಿದ್ದರೆ ಅದನ್ನೂ ಇದೇ ಸರದಿಗೆ ತನ್ನಿ. ತಮಟೆ ಕಲಿಸುವ ತರಗತಿ ಇಟ್ಟರೆ ಗುರು ಕಾಲೋನಿಯವರೇ ಆಗಿರುತ್ತಾರೆ, ಆಗ ಅವರಿಗೆ ಗೌರವಧನವೂ ವೇದಿಕೆಯಲ್ಲಿ ಕುರ್ಚಿಯೂ ಇರಬೇಕು.

ಮೊಟ್ಟೆ ಕೊಡುವುದಾದರೆ ಪ್ರತ್ಯೇಕ ಪಂಕ್ತಿ ಮಾಡಬೇಡಿ. ಒಂದೇ ಸಾಲಿನಲ್ಲಿ ಮೊಟ್ಟೆ ಬೇಕಾದವರಿಗೆ ಮೊಟ್ಟೆ, ಬೇಡದವರಿಗೆ ಬಾಳೆಹಣ್ಣು. ರಂಜಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ, ದಿನಾಂಕ ಹಾಕುವ ಮೊದಲು ಕ್ಯಾಲೆಂಡರ್ ನೋಡಿ; ಶುಕ್ರವಾರ ಮಧ್ಯಾಹ್ನ ಫೈನಲ್ ಪಂದ್ಯ ಇಡಬೇಡಿ. ದಿನದ ಆರಂಭಕ್ಕೆ ನಾಡಗೀತೆ ಸಾಕು. ಗಣಪತಿ ಕೂರಿಸುವ ಸಂಘವಾದರೆ ಅದರ ಚಂದಾ ಪುಸ್ತಕ, ಲೆಕ್ಕ ಎರಡೂ ಬೇರೆ ಇರಲಿ, ಶಿಬಿರದ ಹಣ ಅದಕ್ಕೆ ಹೋಗಬಾರದು.

ಜಾಗದ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು. ಸಭೆ, ಶಿಬಿರ ದೇವಸ್ಥಾನದ ಆವರಣದಲ್ಲೋ ಒಂದು ಸಮುದಾಯದ ಭವನದಲ್ಲೋ ನಡೆಯುತ್ತಿದ್ದರೆ ಆಹ್ವಾನ ಪತ್ರಿಕೆಯಲ್ಲಿ "ಎಲ್ಲರಿಗೂ ಸ್ವಾಗತ" ಅಂತ ಎಷ್ಟು ದಪ್ಪಕ್ಷರದಲ್ಲಿ ಬರೆದರೂ ಕೆಲವರು ಹೊಸ್ತಿಲಾಚೆಯೇ ನಿಲ್ಲುತ್ತಾರೆ. ಸರ್ಕಾರಿ ಶಾಲೆ, ಪಂಚಾಯಿತಿ ಗ್ರಂಥಾಲಯ, ಅಂಬೇಡ್ಕರ್ ಭವನ ಇವುಗಳಲ್ಲಿ ಸರದಿಯ ಮೇಲೆ ಇಡಿ. ಒಂದು ಎಚ್ಚರಿಕೆ: "ಅವರಿಗಾಗಿ" ಕಾಲೋನಿಯಲ್ಲಿ ಬೇರೆ ಶಿಬಿರ ಮಾಡುವುದು ಒಳಗೊಳ್ಳುವಿಕೆ ಅಲ್ಲ, ಬೇಲಿ. ಮುಖ್ಯ ಕಾರ್ಯಕ್ರಮವೇ ಅಲ್ಲಿ ಆಗಬೇಕು, ಪೇಟೆ ಬೀದಿಯ ಮಕ್ಕಳು ನಡೆದು ಅಲ್ಲಿಗೆ ಹೋಗಬೇಕು. ಮೊದಲ ವರ್ಷ ಪೇಟೆಯ ಕೆಲವು ಮನೆಯವರು ಮಕ್ಕಳನ್ನು ಕಳಿಸುವುದಿಲ್ಲ. ಸಂಖ್ಯೆ ಬಿದ್ದಿತು ಅಂತ ಸಮಿತಿ ಗಾಬರಿಯಾಗಿ ಮರು ವರ್ಷ ಹಳೇ ಜಾಗಕ್ಕೆ ಓಡುವುದೇ ಮಾಮೂಲಿ ತಪ್ಪು. ಮೂರು ವರ್ಷದ ಜಾಗದ ಪಟ್ಟಿಯನ್ನು ಈಗಲೇ ನಡಾವಳಿ ಪುಸ್ತಕದಲ್ಲಿ ಬರೆದುಬಿಡಿ.

ಪುಸ್ತಕ, ಬ್ಯಾಗು ಹಂಚಿ "ಬಡ ಮಕ್ಕಳಿಗೆ ವಿತರಣೆ" ಅಂತ ಬ್ಯಾನರ್ ಹಿಡಿಸಿ ಫೋಟೋ ತೆಗೆಯುವುದನ್ನೂ ಬಿಡಿ. ದಾನಿಗೆ ಫೋಟೋ ಬೇಕೆಂದರೆ ಮಕ್ಕಳು ಆಡುತ್ತಿರುವ ಫೋಟೋ ಕಳಿಸಿ.

ಉತ್ತರ: ಮೂರನೇ ಗಾಲಿ

ಮೂರು ಮೆಟ್ಟಿಲು ಅಂದರೆ ಸುಮಾರು 45 ಸೆಂಟಿಮೀಟರ್ ಎತ್ತರ. ಇಳಿಜಾರಿನ ಲೆಕ್ಕ ಒಂದಕ್ಕೆ ಹನ್ನೆರಡು, ಅಂದರೆ 5.4 ಮೀಟರ್ ಉದ್ದ ಬೇಕು. ಅಗಲ 1.2 ಮೀಟರ್, ಮೇಲೆ ಕುರ್ಚಿ ತಿರುಗಿಸಲು ಒಂದೂವರೆ ಮೀಟರಿನಷ್ಟು ಸಮತಟ್ಟು, ಎರಡೂ ಬದಿ ಹಿಡಿಕೆ, ಅಂಚಿನಲ್ಲಿ ಗಾಲಿ ಜಾರದಂತೆ ಸಣ್ಣ ಕಟ್ಟೆ. ಊರಿನ ಮೇಸ್ತ್ರಿಗೆ "ಒಂದು ರ‍್ಯಾಂಪ್ ಹಾಕು" ಅಂದರೆ ಸ್ಕೂಟರ್ ಹತ್ತಿಸುವ ಕಡಿದಾದ ದಿಬ್ಬ ಹಾಕಿಕೊಡುತ್ತಾನೆ, ಮೇಲೆ ನುಣುಪು ಟೈಲ್ಸ್ ಬೇರೆ. ಮಳೆಗಾಲದಲ್ಲಿ ಪಾಚಿ ಕಟ್ಟಿದರೆ ನಡೆಯುವವರೂ ಬೀಳುತ್ತಾರೆ. ಸಿಮೆಂಟ್ ಹಸಿಯಿರುವಾಗಲೇ ಅಡ್ಡ ಗೀರು ಎಳೆಸಿ. ನೇರ 5.4 ಮೀಟರ್ ಜಾಗವಿಲ್ಲದಿದ್ದರೆ ನಡುವೆ ಸಮತಟ್ಟು ಬಿಟ್ಟು ತಿರುಗಿಸಿ. ಬಾಗಿಲು 90 ಸೆಂಟಿಮೀಟರ್ ಇಲ್ಲದಿದ್ದರೆ ಇಳಿಜಾರು ಹಾಕಿ ಪ್ರಯೋಜನವಿಲ್ಲ. ಶೌಚಾಲಯಕ್ಕೂ ಅಷ್ಟೇ, ಅಲ್ಲಿ ಬಾಗಿಲು ಹೊರಕ್ಕೆ ತೆರೆಯಬೇಕು, ಗೋಡೆಗೆ ಹಿಡಿಕೆ ಬೇಕು.

ಕಟ್ಟಡ ಆಗುವವರೆಗೆ ಕಾಯಬೇಡಿ. ಈ ವರ್ಷದ ಶಿಬಿರ ನೆಲಮಟ್ಟದ ಶಾಲಾ ಕೊಠಡಿಯಲ್ಲಿ ಮಾಡಿದರೆ ಆ ಹುಡುಗ ಈ ವರ್ಷವೇ ಬರುತ್ತಾನೆ. ನಾಲ್ಕು ಜನ ಕುರ್ಚಿ ಸಮೇತ ಎತ್ತಿ ಒಯ್ಯುವುದನ್ನು ಮಾನವೀಯತೆ ಅಂತ ಸ್ಟೇಟಸ್ ಹಾಕಿಕೊಳ್ಳುವವರಿದ್ದಾರೆ. ಅದು ಅಪಾಯ, ಅವನಿಗೆ ಮುಜುಗರ ಕೂಡ. ಕುರ್ಚಿಯನ್ನು ಅವನನ್ನು ಕೇಳದೆ ಯಾರೂ ಮುಟ್ಟಬಾರದು ಅಂತ ಮೊದಲ ದಿನವೇ ಎಲ್ಲ ಮಕ್ಕಳಿಗೂ ಹೇಳಿ. ಅವನನ್ನು ಸ್ಕೋರ್ ಬರೆಯಲು ಕೂರಿಸಿ ಕೈತೊಳೆದುಕೊಳ್ಳಬೇಡಿ. ಕೇರಂ, ಚೆಸ್, ಗುರಿಗೆ ಚೆಂಡು ಎಸೆತ, ಕೂತು ಆಡುವ ವಾಲಿಬಾಲ್ ಇವೆ. ಕೂತು ಆಡುವಾಗ ಎಲ್ಲ ಮಕ್ಕಳೂ ನೆಲದಲ್ಲಿ ಕೂತೇ ಆಡಬೇಕು, ನೆಟ್ಟನ್ನು ಒಂದು ಮೀಟರಿನ ಆಸುಪಾಸಿಗೆ ಇಳಿಸಿದರಾಯಿತು.

ಕಿವಿ ಕೇಳದವರಿಗೆ ಸೀಟಿ ಕೆಲಸಕ್ಕೆ ಬಾರದು. ಸೀಟಿಯ ಜೊತೆಗೆ ಬಣ್ಣದ ಬಾವುಟ ಎತ್ತಿ. ಮಾತಾಡುವವರ ಮುಖದ ಮೇಲೆ ಬೆಳಕಿರಬೇಕು, ಕಿಟಕಿಗೆ ಬೆನ್ನು ಹಾಕಿ ನಿಂತರೆ ತುಟಿ ಕಾಣುವುದಿಲ್ಲ. ನಿಯಮವನ್ನು ಹೇಳುವ ಮೊದಲು ಒಮ್ಮೆ ಆಡಿ ತೋರಿಸಿ. ದಿನದ ಕಾರ್ಯಕ್ರಮವನ್ನು ಚಿತ್ರದಲ್ಲಿ ಬರೆದು ಹಾಕಿದರೆ ಅವರಿಗೂ ಆಗುತ್ತದೆ, ಕಲಿಕೆ ನಿಧಾನವಿರುವ ಮಕ್ಕಳಿಗೂ ಆಗುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿದೆ, ಅದಕ್ಕೆ ಮೊದಲು ಇದ್ದದ್ದು ಏಳು. ಕಣ್ಣಿಗೆ ಕಾಣದ ಎಷ್ಟೋ ಅದರಲ್ಲಿವೆ, ಹಾಗಾಗಿ ಮೇಲೆ ಹೇಳಿದಂತೆ ಅರ್ಜಿಯಲ್ಲಿ "ಯಾವ ಸಹಾಯ ಬೇಕು" ಅಂತ ಕೇಳುವುದೇ ಸರಿ, "ಅಂಗವಿಕಲರೇ" ಅಂತ ಕೇಳಿದರೆ ಮನೆಯವರು ಇಲ್ಲ ಅಂದುಬಿಡುತ್ತಾರೆ.

ಫಿಟ್ಸ್ ಬಗ್ಗೆ ಸ್ವಯಂಸೇವಕರೆಲ್ಲರಿಗೂ ತಿಳಿದಿರಲಿ: ಸುತ್ತಲಿನ ಗಟ್ಟಿ ವಸ್ತು ಸರಿಸಿ, ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನನ್ನೂ ಹಾಕಬೇಡಿ, ನೀರು ಕುಡಿಸಬೇಡಿ, ಕೈಕಾಲು ಒತ್ತಿ ಹಿಡಿಯಬೇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 108. ಕೈಗೆ ಕಬ್ಬಿಣದ ಬೀಗದ ಕೈ ಕೊಡುವುದರಿಂದ ಏನೂ ಆಗುವುದಿಲ್ಲ, ಸಮಯ ಹಾಳು.

ಮತ್ತೆ: ಮಳೆಕಾಡು

ಇಷ್ಟು ವಿವರ ನಿರೀಕ್ಷಿಸಿರಲಿಲ್ಲ, ಎಲ್ಲರಿಗೂ ಧನ್ಯವಾದ. ಎರಡು ಉಳಿದಿವೆ. ಬೈಲಾ ಮತ್ತು ದೂರು ವ್ಯವಸ್ಥೆ ಒಂದು. ಲೈನ್ ಮನೆ ಮಕ್ಕಳನ್ನು ತಲುಪುವುದು ಹೇಗೆ ಅನ್ನುವುದು ಇನ್ನೊಂದು. ಅಲ್ಲಿ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದವರೂ ಇದ್ದಾರೆ, ಕನ್ನಡ ಬರುವುದಿಲ್ಲ.

ಉತ್ತರ: ನಡಾವಳಿ

ಬೈಲಾ ತೆಗೆದು ಮೊದಲು ಸದಸ್ಯತ್ವದ ಕಲಮು ಓದಿ. "ಇಬ್ಬರು ಹಾಲಿ ಸದಸ್ಯರ ಶಿಫಾರಸು ಇರತಕ್ಕದ್ದು" ಅಂತ ಇದ್ದೇ ಇರುತ್ತದೆ. ಹಾಲಿ ಸದಸ್ಯರೆಲ್ಲ ಎರಡೇ ಬೀದಿಯವರಾದರೆ ಮೂರನೇ ಬೀದಿಯವರಿಗೆ ಶಿಫಾರಸು ಕೊಡುವವರು ಯಾರು? ನಿಮ್ಮ ಸಂಘದ ಬೀಗ ಅಲ್ಲಿದೆ. ಅದರ ಬದಲು ಹೀಗೆ ಬರೆಯಿರಿ: 18 ತುಂಬಿದ, ಕಾರ್ಯಕ್ಷೇತ್ರದಲ್ಲಿ ವಾಸವಿರುವ ಯಾರೇ ಅರ್ಜಿ ಕೊಡಬಹುದು, 15 ದಿನ ನೋಟಿಸ್ ಬೋರ್ಡಿನಲ್ಲಿ ಹಾಕತಕ್ಕದ್ದು, ತಿರಸ್ಕರಿಸಿದರೆ ಕಾರಣವನ್ನು ಲಿಖಿತವಾಗಿ ಕೊಡತಕ್ಕದ್ದು. "ಯುವಕ ಸಂಘ" ಅನ್ನುವ ಹೆಸರನ್ನು "ಯುವಜನ ಸಂಘ" ಮಾಡುವ ಯೋಚನೆಯೂ ಇರಲಿ, ಆದರೆ ಅದಕ್ಕೆ ಬ್ಯಾಂಕ್ ಖಾತೆ, ಪ್ಯಾನ್ ಎಲ್ಲ ಬದಲಾಗಬೇಕು, ಅವಸರವಿಲ್ಲ.

1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾದ ಸಂಘ ಬೈಲಾ ತಿದ್ದಬೇಕಾದರೆ ವಿಶೇಷ ಸರ್ವ ಸದಸ್ಯರ ಸಭೆ, ಮುಂಚಿತ ನೋಟಿಸ್, ಬೇಕಾದ ಬಹುಮತ, ಆಮೇಲೆ ಜಿಲ್ಲಾ ಸಂಘಗಳ ನೋಂದಣಾಧಿಕಾರಿ ಕಚೇರಿಗೆ ಸಲ್ಲಿಕೆ. ಇದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಹಾಗಾಗಿ ಎರಡು ಪಾಲು ಮಾಡಿ. ಸಮಿತಿಯ ಸ್ಥಾನಗಳು, ಸದಸ್ಯತ್ವ, ಚುನಾವಣೆ ಇವು ಬೈಲಾಕ್ಕೆ. ಸಮಯ, ಜಾಗ, ಶುಲ್ಕ, ನೀರು, ಸರದಿ ಪಟ್ಟಿ ಇವೆಲ್ಲ ಕಾರ್ಯಕಾರಿ ಸಮಿತಿಯ ಒಂದು ನಿರ್ಣಯದಿಂದ ನಾಳೆಯೇ ಜಾರಿ.

11ರ ಸಮಿತಿಯಲ್ಲಿ ನಾಲ್ವರಾದರೂ ಮಹಿಳೆಯರು, ಯಾವ ಒಂದು ಬೀದಿಯಿಂದಲೂ ನಾಲ್ವರಿಗಿಂತ ಹೆಚ್ಚಿಲ್ಲ ಅಂತ ಇಡಬಹುದು. ಬೀದಿಯ ಮಿತಿ ಜಾತಿಯ ಹೆಸರೆತ್ತದೆ ಕೆಲಸ ಮಾಡುತ್ತದೆ. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಈ ಮೂರರಲ್ಲಿ ಒಂದು ಪ್ರತಿ ಅವಧಿಯಲ್ಲೂ ಹೊಸ ಗುಂಪಿಗೆ ಹೋಗಬೇಕು, ಚೆಕ್ಕಿಗೆ ಸಹಿ ಹಾಕುವ ಅಧಿಕಾರ ಜೊತೆಗೇ ಬರಬೇಕು. "ಸಹ ಕಾರ್ಯದರ್ಶಿ", "ಉಪಾಧ್ಯಕ್ಷೆ" ಕೊಟ್ಟು ಸುಮ್ಮನಾಗಿಸುವುದು ಹಳೇ ಉಪಾಯ. ಸಭೆ ರಾತ್ರಿ ಎಂಟೂವರೆಗೆ ಕರೆದರೆ ಆ ನಾಲ್ವರು ಮಹಿಳೆಯರು ಬರುವುದಿಲ್ಲ, ಆಮೇಲೆ "ಕರೆದರೂ ಬರಲ್ಲ" ಅಂತ ಬರೆಯುತ್ತೀರಿ. ಕಾರ್ಯಸೂಚಿ ಮೂರು ದಿನ ಮೊದಲೇ ಕೊಡಿ, ನಿಜವಾದ ತೀರ್ಮಾನ ಟೀ ಅಂಗಡಿಯಲ್ಲಿ ಆಗಿ ಸಭೆಯಲ್ಲಿ ಓದುವಂತಾಗಬಾರದು.

ದೂರು: ಇಬ್ಬರ ಹೆಸರು, ಫೋನ್ ನಂಬರ್ ಗೋಡೆಯ ಮೇಲೆ, ಒಬ್ಬರು ಮಹಿಳೆ, ಒಬ್ಬರು ಸಮಿತಿಯ ಹೊರಗಿನವರು. ಅಡ್ಡಹೆಸರು ಹಿಡಿದು ಕರೆಯುವುದು, ಆಟಕ್ಕೆ ಸೇರಿಸದಿರುವುದು ಇಂಥವನ್ನು ಏಳು ದಿನದೊಳಗೆ ವಿಚಾರಿಸಿ ಲಿಖಿತ ಉತ್ತರ. ಆದರೆ ಎರಡು ವಿಷಯದಲ್ಲಿ ಸಂಘ ಪಂಚಾಯ್ತಿ ಮಾಡಲೇಬಾರದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಮುಚ್ಚಿಟ್ಟರೆ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸಜೆ. ಮಕ್ಕಳ ಸಹಾಯವಾಣಿ 1098. ಇನ್ನೊಂದು ಜಾತಿ ನಿಂದನೆ, ಅಸ್ಪೃಶ್ಯತೆ: 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ, 1989ರ ದೌರ್ಜನ್ಯ ತಡೆ ಕಾಯ್ದೆ ಇವೆ. ಊರ ಹಿರಿಯರನ್ನು ಕೂರಿಸಿ ರಾಜಿ ಮಾಡಿಸುವುದು, ದೂರು ವಾಪಸ್ ಪಡೆಯಿರಿ ಅಂತ ಮನೆಗೆ ಹೋಗುವುದು ಸಂಘದ ಕೆಲಸವಲ್ಲ. ಯಾವ ದೊಡ್ಡವರೂ ಒಂದು ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬಾರದು, ಸ್ವಯಂಸೇವಕರು ಮಕ್ಕಳಿಗೆ ಖಾಸಗಿ ಮೆಸೇಜ್ ಕಳಿಸಬಾರದು, ಇವೆರಡನ್ನೂ ಸಹಿ ಮಾಡಿಸಿಕೊಂಡೇ ಕೆಲಸಕ್ಕೆ ಬಿಡಿ.

ಉತ್ತರ: ಕಾಫಿಕಣ

ಲೈನ್ ಮನೆಗೆ ವಾಟ್ಸ್ಯಾಪ್ ಪೋಸ್ಟರ್ ತಲುಪುವುದಿಲ್ಲ, ತಲುಪಿದರೂ ಓದುವವರಿಲ್ಲ. ದಾರಿ ತೋಟದ ಲೆಕ್ಕ ಬರೆಯುವ ರೈಟರ್ ಮತ್ತು ಆಳುಗಳ ಉಸ್ತುವಾರಿ ನೋಡುವ ಮೇಸ್ತ್ರಿ ಮೂಲಕ. ಮೊದಲು ಮಾಲೀಕರನ್ನೋ ಮ್ಯಾನೇಜರನ್ನೋ ಕಂಡು, ಬಾಯಲ್ಲೇ ಅಲ್ಲ, ಒಂದು ಪುಟದ ಪತ್ರ ಕೊಟ್ಟು ಹೇಳಿ. ಆಮೇಲೆ ಸಂಬಳದ ದಿನವೋ ಸಂತೆ ದಿನವೋ ಲೈನಿಗೆ ಹೋಗಿ, ಬೇರೆ ದಿನ ತಂದೆತಾಯಿ ಸಿಗುವುದಿಲ್ಲ. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿ, ರೊಬಸ್ಟಾ ಜನವರಿಯಿಂದ ಮಾರ್ಚ್. ಆ ಹೊತ್ತಲ್ಲಿ ದೊಡ್ಡ ಮಕ್ಕಳು ತಮ್ಮ ತಂಗಿಯರನ್ನು ನೋಡಿಕೊಂಡು ಮನೆಯಲ್ಲಿರುತ್ತಾರೆ. ನಿಮ್ಮ ರಾಜ್ಯೋತ್ಸವಕ್ಕೆ ಅವರು ಬರುತ್ತಿಲ್ಲವೆಂದರೆ ಕಾರಣ ಅದು. ಬೇಸಿಗೆ ಶಿಬಿರದ ಹೊತ್ತಿಗೆ ಕೊಯ್ಲಿನ ಗುಂಪುಗಳು ಊರಿಗೆ ಮರಳಿರುತ್ತವೆ, ಉಳಿಯುವುದು ವರ್ಷಪೂರ್ತಿ ಲೈನಿನಲ್ಲಿರುವ ಕುಟುಂಬಗಳು. ಹೊರಗಿನಿಂದ ಬಂದವರ ಮಕ್ಕಳು ಬೇಕೆಂದರೆ ಕೊಯ್ಲಿನ ಕಾಲದಲ್ಲೇ, ವಾರದ ರಜೆಯ ದಿನ, ಎರಡು ಗಂಟೆಯ ಆಟವನ್ನು ಕಣದ ಹತ್ತಿರ ಇಡಿ. ಆರು ವರ್ಷದ ತಮ್ಮನನ್ನು ಸೊಂಟದ ಮೇಲಿಟ್ಟುಕೊಂಡು ಬರುವ ಅಕ್ಕನನ್ನು "8 ವರ್ಷ ಮೇಲ್ಪಟ್ಟವರಿಗೆ ಮಾತ್ರ" ಅಂತ ವಾಪಸ್ ಕಳಿಸಬೇಡಿ. ಒಂದು ಚಾಪೆ, ನಾಲ್ಕು ಆಟಿಕೆ, ಒಬ್ಬ ಸ್ವಯಂಸೇವಕಿ ಇದ್ದರೆ ಅಕ್ಕ ಆಡುತ್ತಾಳೆ.

ಬಸ್ಸಿನ ವಿಷಯ: 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ, ಆದರೆ ಅದು ಕರ್ನಾಟಕದವರಿಗೆ. ಹೊರರಾಜ್ಯದ ಗುರುತಿನ ಚೀಟಿ ಇರುವ ಹುಡುಗಿ ಹಣ ಕೊಡಬೇಕು, ತೋಟದ ದಾರಿಯಲ್ಲಿ ಎಷ್ಟೋ ಕಡೆ ಸರ್ಕಾರಿ ಬಸ್ಸೇ ಇಲ್ಲ. ತೋಟದ ಪಿಕಪ್ ಬೆಳಿಗ್ಗೆ ಪೇಟೆಗೆ ಬರುವಾಗ ಕರೆತರಲು ಕೇಳಬಹುದು, ಆದರೆ ಸಂಜೆ ವಾಪಸ್ ಹೋಗುವ ವ್ಯವಸ್ಥೆ ಖಚಿತವಾಗದೆ ಒಪ್ಪಿಕೊಳ್ಳಬೇಡಿ, ಜೊತೆಗೆ ಒಬ್ಬ ದೊಡ್ಡವರು ಕಡ್ಡಾಯ.

ಭಾಷೆಗೆ ಹೆದರಬೇಡಿ. ಲೈನಿನಲ್ಲಿ ಮೂರು ನಾಲ್ಕು ವರ್ಷ ಇದ್ದ ಮಗುವಿಗೆ ಎರಡೂ ಭಾಷೆ ಬರುತ್ತದೆ. ಹೊಸ ಮಗುವನ್ನು ಅದರ ಜೋಡಿ ಮಾಡಿ. ಕಬಡ್ಡಿ ಎಣಿಕೆ, ತಂಡದ ಹೆಸರು, "ಔಟ್", "ಬಿಡು", "ಹಿಡಿ" ಇಷ್ಟು ಕನ್ನಡ ಎರಡು ದಿನದಲ್ಲಿ ತಾನಾಗಿ ಬರುತ್ತದೆ. ಕನ್ನಡದಲ್ಲಿ ಪರಿಚಯ ಹೇಳು ಅಂತ ಮೊದಲ ದಿನವೇ ಎದುರು ನಿಲ್ಲಿಸಬೇಡಿ. ಹಾಡಿನ ಅವಧಿಯಲ್ಲಿ ಅವರ ಭಾಷೆಯ ಒಂದು ಹಾಡನ್ನು ಎಲ್ಲರಿಗೂ ಕಲಿಸಲಿ, ಆಗ ಉಚ್ಚಾರಣೆ ತಪ್ಪುವ ಸರದಿ ಪೇಟೆ ಮಕ್ಕಳದ್ದಾಗುತ್ತದೆ.

ಮತ್ತೆ: ಮಳೆಕಾಡು

ಮುಂದಿನ ವಾರದ ಸಭೆಗೆ ನಾಲ್ಕು ನಿರ್ಣಯ ಬರೆದಿಟ್ಟಿದ್ದೇನೆ: ಶುಲ್ಕದ ಮೂರು ದರ, ನಾಲ್ಕೂವರೆಯ ಮೈದಾನ, ನಲ್ಲಿ ಕ್ಯಾನ್, ಶಿಬಿರ ಸರ್ಕಾರಿ ಶಾಲೆಯಲ್ಲಿ. ಸದಸ್ಯತ್ವದ ಕಲಮು ನೋಡಿದೆ. "ಮೂವರು ಸದಸ್ಯರ ಶಿಫಾರಸು" ಅಂತಿದೆ.